ಕೆಸರು ಮುಸುಕಿದ ದೀಪ

ಆಷಾಢದ ಸಂಜೆ. ಹಾಸನವನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ ಆಲೂರು ತಾಲ್ಲೂಕಿನ ಪಾಳ್ಯದವರೆಗೆ ಮಳೆಯು ಹನಿಹನಿಯಾಗಿ ಬೀಳುತ್ತಿರುವುದು. ಬಾಳುಪೇಟೆ ಸಮೀಪಿಸುತ್ತಿದ್ದಂತೆ ಹನಿಗಳು ಧಾರೆಯಾಗುವುವು. ಹೇಮಾವತಿಯ ದಡದ ಸಕಲೇಶಪುರವನ್ನು ಮುಟ್ಟುವ ಹೊತ್ತಿಗೆ ಮಳೆಯೊಡನೆ ಮಂಜೂ ಕೂಡಿಕೊಂಡು, ರಸ್ತೆಯ ಅಂಚಿನ ಸಿಲ್ವರ್ ಮರಗಳು ಬರಿಯ ನೆರಳುಗಳಂತೆ ಕಾಣತೊಡಗುವುವು. ಮುಂದೆ ದೋಣಿಗಾಲಿನಿಂದ ಶಿರಾಡಿ ಘಟ್ಟದ ಇಳಿಜಾರು ಮೊದಲಾಗುತ್ತದೆ. ಬೆಂಗಳೂರು ಮಂಗಳೂರುಗಳನ್ನು ಕೂಡಿಸುವ ಈ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಭಾರಿ ಲಾರಿಗಳ ಚಕ್ರಗಳು ಎರಚುವುದು ನೀರನ್ನಲ್ಲ, ಕೆಂಪು ಕೆಸರಿನ ತೆಳುವಾದ ಗಂಜಿಯನ್ನು.

ಇಂತಹ ಒಂದು ಸಂಜೆ ನನ್ನ ಮಿತ್ರರೊಬ್ಬರು ತಮ್ಮ ಸ್ಪೋರ್ಟ್ಸ್ ಕಾರಿನಲ್ಲಿ ಸಕಲೇಶಪುರದ ಆಚೆಗಿನ ತಮ್ಮ ತೋಟಕ್ಕೆ ಬರುತ್ತಿದ್ದರು. ಕೈ ಬದಲಾಗಿ ಬಂದ ಹಳೆಯ ಗಾಡಿ. ಆದರೆ ಎಂಜಿನ್ನು ಚೊಕ್ಕವಾಗಿತ್ತು. ಬಾಳುಪೇಟೆ ದಾಟಿದ ಮೇಲೆ ದೀಪಗಳು ಮಂಕಾದಂತೆ ಅವರಿಗೆ ತೋರಿತು. ಬ್ಯಾಟರಿ ಸೋತಿತೆಂದು ಶಂಕಿಸಿ ರಸ್ತೆಯ ಪಕ್ಕದ ಚಹಾದಂಗಡಿಯೊಂದರ ಮುಂದೆ ಗಾಡಿಯನ್ನು ನಿಲ್ಲಿಸಿದರು. ಅಲ್ಲಿ ನಿಂತಿದ್ದ ಲಾರಿಯ ಚಾಲಕನೊಬ್ಬನು ಏನನ್ನೂ ಕೇಳದೆ, ಒಂದು ಚೊಂಬು ನೀರನ್ನು ಎರಡು ದೀಪಗಳ ಮೇಲೂ ಸುರಿದು ಒದ್ದೆ ಬಟ್ಟೆಯಿಂದ ಒರೆಸಿದನು. ಬ್ಯಾಟರಿ ಒಡನೆಯೇ ಗುಣವಾಯಿತು!

ವಾಸ್ತವವಾಗಿ ಆ ಗಾಡಿಗೆ ದೀಪವನ್ನು ತೊಳೆಯಲು ತಯಾರಕರೇ ಒಂದು ಸಾಧನವನ್ನು ಇಟ್ಟಿದ್ದರು. ಕೈಪಿಡಿಯಲ್ಲಿ ಅದಕ್ಕೆ ಹೆಡ್‌ಲೈಟ್ ವಾಷರ್ ಎಂದು ಹೆಸರು. ನಾವು ದೀಪದ ಪಿಚಕಾರಿ ಎನ್ನೋಣ. ಎಡಗಡೆಯದು ಮುರಿದುಹೋಗಿತ್ತು, ಬಲಗಡೆಯದು ಹೊರಬರದೆ ಸಿಕ್ಕಿಕೊಂಡಿತ್ತು. ಅದು ಕೇವಲ ಒಂದು ಅಲಂಕಾರವೆಂದು ಮಿತ್ರರು ಬಗೆದಿದ್ದರು. ಅವರು ಅದನ್ನು ಬದಲಾಯಿಸಿದ ಪ್ರಸಂಗದಲ್ಲಿ ಭೌತಶಾಸ್ತ್ರದ ಅನೇಕ ಪಾಠಗಳು ಅಡಗಿದ್ದುದರಿಂದ ಅದನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ.

ಅರ್ಧ ಬೆಳಕು, ಎಷ್ಟು ದೂರ?

ದೀಪದ ಗಾಜಿಗೆ ಮೆತ್ತಿದ ಕೆಸರು ಬೆಳಕಿನ ಅರ್ಧವನ್ನು ನುಂಗಿತೆಂದು ಇಟ್ಟುಕೊಳ್ಳೋಣ. ನಮಗೆ ಕಾಣುವ ದೂರವೂ ಅರ್ಧವಾಗುವುದೆ? ಇಲ್ಲ. ದೀಪದಿಂದ ದೂರ ಹೋದಂತೆ ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬುದನ್ನು ನೀವು ಓದಿರುವಿರಿ. ಹಾಗಾಗಿ ಬೆಳಕು ಅರ್ಧವಾದರೆ, ಅಷ್ಟೇ ಪ್ರಕಾಶವು ಬೀಳುವ ದೂರವು 2ರ ವರ್ಗಮೂಲದಿಂದ ಭಾಗಿಸಿದಷ್ಟಾಗುವುದು. ಮೊದಲು 60 ಮೀಟರ್ ದೂರದಲ್ಲಿ ಕಾಣುತ್ತಿದ್ದ ವಸ್ತುವು ಈಗ 42 ಮೀಟರ್ ಸಮೀಪಕ್ಕೆ ಬಂದಾಗ ಮಾತ್ರ ಕಾಣುವುದು.

ಇದೇನು ಮಹಾ ನಷ್ಟವೆಂದು ತೋರಬಹುದು. ಆದರೆ ನಿಲ್ಲುವ ದೂರವನ್ನು ಗುಣಿಸಿ ನೋಡಿರಿ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವವರೆಗೆ ಒಂದೂವರೆ ಸೆಕೆಂಡು ಕಳೆದರೆ ಗಾಡಿಯು 25 ಮೀಟರ್ ಮುಂದೆ ಸಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರಕ್ಕೂ ನೆಲಕ್ಕೂ ಇರುವ ಘರ್ಷಣಾಂಕವನ್ನು 0.4 ಎಂದು ಹಿಡಿದರೆ, ಅನಂತರ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 60 ಮೀಟರ್. ಅಂದರೆ ಶುದ್ಧವಾದ ದೀಪವಿದ್ದಾಗ ಕಂಡ ದೂರವೂ ನಿಲ್ಲುವ ದೂರವೂ ಸರಿಸಮವಾಗಿದ್ದುವು. ಕೆಸರಾದ ದೀಪದಿಂದ 18 ಮೀಟರ್ ಸಾಲ ಬಿತ್ತು. 42 ಮೀಟರಿನೊಳಗೆ ನಿಲ್ಲಬೇಕಾದರೆ ಗಾಡಿಯ ವೇಗವು ಗಂಟೆಗೆ 47 ಕಿಲೋಮೀಟರನ್ನು ಮೀರಬಾರದು. ಈ ಲೆಕ್ಕವೂ ಸಮತಲಕ್ಕೆ ಸಂಬಂಧಿಸಿದುದು. ನೂರಕ್ಕೆ 6ರಷ್ಟು ಇಳಿಜಾರಿನಲ್ಲಿ, ಅದೇ 60 ಕಿಲೋಮೀಟರ್ ವೇಗದಲ್ಲಿ, ನಿಲ್ಲುವ ದೂರವು 67 ಮೀಟರಿನವರೆಗೂ ಬೆಳೆಯುವುದು. ದೋಣಿಗಾಲಿನ ಬಳಿ ಸುಮಾರು 900 ಮೀಟರ್ ಎತ್ತರದಲ್ಲಿರುವ ಹೆದ್ದಾರಿಯು ಗುಂಡ್ಯದ ಕಡೆಗೆ ಇಳಿಯುತ್ತಲೇ ಹೋಗುವುದರಿಂದ ಅಲ್ಲಿ ಈ ಎರಡನೆಯ ಲೆಕ್ಕವೇ ಪ್ರಸ್ತುತವಾದುದು.

ದಾರಿ ತಪ್ಪಿದ ಬೆಳಕು

ಕೆಸರು ನುಂಗಿದ ಬೆಳಕಿಗಿಂತ ಕೆಸರು ಚೆದರಿಸಿದ ಬೆಳಕೇ ಹೆಚ್ಚು ಹಾನಿಕರವೆಂಬುದು ಬಹುಮಂದಿಗೆ ತಿಳಿದಿಲ್ಲ.

ಮೋಟಾರಿನ ತಗ್ಗಿಸಿದ ದೀಪವನ್ನು ಒಂದು ಗೋಡೆಯ ಮೇಲೆ ಬಿಟ್ಟು ನೋಡಿದರೆ, ಬೆಳಕಿಗೆ ಸ್ಪಷ್ಟವಾದ ಒಂದು ಮೇಲಂಚು ಇರುವುದು ಕಂಡುಬರುತ್ತದೆ. ಆ ಅಂಚಿನ ಕೆಳಗೆ ಪ್ರಖರವಾದ ಬೆಳಕು, ಮೇಲೆ ಕತ್ತಲು. ನಮ್ಮ ದೇಶದ ಗಾಡಿಗಳಲ್ಲಿ ಈ ಅಂಚು ಬಲಗಡೆಯಲ್ಲಿ ತಗ್ಗಾಗಿದ್ದು, ರಸ್ತೆಯ ಬದಿಯನ್ನು ಬೆಳಗಲೆಂದು ಎಡಗಡೆಗೆ ತುಸು ಮೇಲೇರುತ್ತದೆ. ಎದುರಿನಿಂದ ಬರುವ ಚಾಲಕನ ಕಣ್ಣುಗಳು ಮೇಲಿನ ಕತ್ತಲ ಭಾಗದಲ್ಲಿರಬೇಕು. ನಮ್ಮ ಬೆಳಕೆಲ್ಲವೂ ರಸ್ತೆಯ ಮೇಲೆ ಬೀಳಬೇಕು. ದೀಪದೊಳಗಿನ ಪ್ರತಿಫಲಕವನ್ನೂ ಮಸೂರವನ್ನೂ ಅಷ್ಟೊಂದು ಲೆಕ್ಕಾಚಾರದಿಂದ ರೂಪಿಸುವುದು ಈ ಒಂದು ಗೆರೆಗಾಗಿ.

ಇಂತಹ ದೀಪದ ಮುಂದೆ ಮಣ್ಣಿನ ಒಂದು ತೆಳು ಪೊರೆ ಬಂದಿತೆನ್ನಿ. ಪ್ರತಿಯೊಂದು ಕಣವೂ ತನಗೆ ತಗಲಿದ ಬೆಳಕನ್ನು ಮೇಲೆ, ಕೆಳಗೆ, ಅಕ್ಕಪಕ್ಕಕ್ಕೆ ಎರಚುವುದು. ಹೀಗಾಗಿ ರಸ್ತೆಗೆ ಬೀಳುವ ಬೆಳಕು ಕಡಿಮೆಯಾಗುತ್ತಿರುವಾಗಲೇ, ಎದುರಿನವನ ಕಣ್ಣನ್ನು ಕೋರೈಸುವ ಬೆಳಕು ಹೆಚ್ಚುವುದು. ಮಂಕಾದ ದೀಪವು ಕಣ್ಣಿಗೆ ಹಿತವಾಗಿರಬೇಕಲ್ಲವೆ ಎಂದು ಸಾಮಾನ್ಯ ಬುದ್ಧಿ ಕೇಳುತ್ತದೆ. ಇಲ್ಲಿ ಸಾಮಾನ್ಯ ಬುದ್ಧಿ ಸೋಲುತ್ತದೆ.

ಮಂಜು ಕವಿದಾಗ ಇನ್ನೊಂದು ಕೇಡು ಸೇರುವುದು. ಮಂಜೆಂಬುದು ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳ ಸಮೂಹ. ಹನಿಗಳ ವ್ಯಾಸ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವು ಭಾಗಗಳಿಂದ ಕೆಲವು ಹತ್ತು ಭಾಗಗಳವರೆಗೆ ಇರುತ್ತದೆ. ಮೇಲಂಚನ್ನು ದಾಟಿ ಏರಿದ ಬೆಳಕು ಚಾಲಕನ ಕಣ್ಣಿನ ಎದುರಿಗಿರುವ ಹನಿಗಳನ್ನೇ ಬೆಳಗಿ, ಅಲ್ಲಿಂದ ಹಿಂದಿರುಗಿ, ಅವನ ಮುಂದೆ ಬಿಳಿಯ ಪರದೆಯೊಂದನ್ನು ಇಳಿಬಿಡುವುದು. ಮಂಜಿನಲ್ಲಿ ದೀಪವನ್ನು ಎತ್ತರಿಸಬಾರದೆಂದು ಅನುಭವಸ್ಥರು ಹೇಳುವುದು ಈ ಕಾರಣದಿಂದಲೇ. ಕೆಸರಾದ ದೀಪವು ತಗ್ಗಿಸಿದ್ದರೂ ಭಾಗಶಃ ಎತ್ತರಿಸಿದ ದೀಪದಂತೆಯೇ ವರ್ತಿಸುತ್ತದೆ.

ಪ್ರಸಂಗವಶಾತ್ ಒಂದು ಮಾತು. ಹಳದಿ ದೀಪವು ಮಂಜನ್ನು ಸೀಳುತ್ತದೆಂಬ ನಂಬಿಕೆ ಘಟ್ಟದ ಚಾಲಕರಲ್ಲಿ ಬಲವಾಗಿದೆ. ಫ್ರಾನ್ಸ್ ದೇಶವು 1930ರ ದಶಕದ ಕೊನೆಯಿಂದ 1993ರವರೆಗೆ ಮೋಟಾರುಗಳಿಗೆ ಹಳದಿ ದೀಪವನ್ನೇ ವಿಧಿಸಿದ್ದಿತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಳ ಉದ್ದಕ್ಕಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಒಂದೇ ಸಮನಾಗಿ ಚೆದರಿಸುವುವು. ಆಕಾಶವನ್ನು ನೀಲಿಯಾಗಿಸುವ ಗಾಳಿಯ ಅಣುಗಳ ನಿಯಮವು ಇಲ್ಲಿ ನಡೆಯದು. ಮಂಜುದೀಪದ ಗುಣವು ಅದರ ಬಣ್ಣಕ್ಕಿಂತ ಹೆಚ್ಚಾಗಿ, ಅದು ತಗ್ಗಿನಲ್ಲಿದ್ದು ಮೇಲಕ್ಕೆ ಬೆಳಕನ್ನು ಬಿಡದಿರುವುದರಲ್ಲಿದೆ.

ಚೆದರಿಕೆಯನ್ನು ಮನೆಯಲ್ಲಿಯೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಫೋನಿನ ದೀಪವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ದೀಪಕ್ಕೂ ಗೋಡೆಗೂ ನಡುವೆ ಒಂದು ರಟ್ಟನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯ ಅರ್ಧಭಾಗ ಕತ್ತಲಾಗುವಂತೆ ಮಾಡಿರಿ. ರಟ್ಟಿನ ಆಚೆಗೆ, ಬೆಳಕು ಹಾದುಹೋಗುವಲ್ಲಿ, ಶುದ್ಧವಾದ ಗಾಜಿನ ತುಂಡನ್ನು ಹಿಡಿದರೆ ಯಾವ ವ್ಯತ್ಯಾಸವೂ ಕಾಣದು. ಅದೇ ಗಾಜಿಗೆ ತೆಳುವಾದ ಕೆಮ್ಮಣ್ಣಿನ ನೀರನ್ನು ಸವರಿ, ಒಣಗಿಸಿ ಹಿಡಿಯಿರಿ. ಬೆಳಗಿದ ಭಾಗವು ಮಂಕಾಗುವುದು, ಕತ್ತಲಿನ ಭಾಗವು ಬೆಳ್ಳಗಾಗುವುದು. ಮೂರನೆಯ ಬಾರಿ ಗಾಜಿನ ಮೇಲೆ ನೀರನ್ನು ರಭಸವಾಗಿ ಸುರಿದು, ಒರೆಸದೆ, ಒಣಗಿಸಿ ಹಿಡಿಯಿರಿ. ಮಣ್ಣೆಲ್ಲ ಹೋದಂತೆ ತೋರಿದರೂ ಕತ್ತಲಿನ ಭಾಗದಲ್ಲಿ ಇನ್ನೂ ಒಂದು ನಸುಬೆಳಕು ಉಳಿದಿರುವುದು ಕಂಡುಬರುತ್ತದೆ. ಈ ಮೂರನೆಯ ಫಲಿತಾಂಶವನ್ನು ನೆನಪಿನಲ್ಲಿಡಿರಿ.

ಪಿಚಕಾರಿ ಏಕೆ ಬಂದಿತು?

ಮಿತ್ರರ ಗಾಡಿಯಲ್ಲಿ ದೀಪವು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆ. ತಗ್ಗಿಸಿದ ಬೆಳಕಿನ ಮೇಲಂಚು ನೂರು ಮೀಟರಿಗೆ ಒಂದು ಮೀಟರಿನಂತೆ ಇಳಿಯಬೇಕೆಂದು ಇಟ್ಟುಕೊಂಡರೆ ಅದು 60 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುವುದು. ಎತ್ತರವಾದ ಜೀಪಿನಲ್ಲಿ ದೀಪವು 90 ಸೆಂಟಿಮೀಟರ್ ಮೇಲಿದ್ದರೆ ಅದೇ ಓರೆಯಲ್ಲಿ ಬೆಳಕು 90 ಮೀಟರ್ ತಲಪುವುದು. ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರಿಗೆ ಹೀಗೆ ಎರಡು ಬಗೆಯ ಬಡತನ: ಬೆಳಕಿನ ವ್ಯಾಪ್ತಿ ಮೊದಲೇ ಕಡಮೆ, ಮುಂದಿನ ಗಾಡಿಯ ಚಕ್ರಗಳು ಎರಚುವ ಕೆಸರು ದಟ್ಟವಾಗಿರುವ ಎತ್ತರದಲ್ಲಿಯೇ ಅದರ ದೀಪವೂ ಇರುವುದು.

ಹಿಮವೂ ಕೆಸರೂ ಹೇರಳವಾಗಿರುವ ಸ್ವೀಡನ್ ದೇಶದಲ್ಲಿ ಈ ಕಷ್ಟವು ಮೊದಲೇ ಅರಿವಿಗೆ ಬಂದಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿನ ಸಾಬ್ ಕಾರುಗಳಿಗೆ, ಮುಂಗಾಜಿಗೆ ಇರುವಂತೆಯೇ, ದೀಪಗಳಿಗೂ ಪುಟ್ಟ ಒರಸುಕಡ್ಡಿಗಳನ್ನು ಜೋಡಿಸಿದರು. ಆಗ ದೀಪದ ಮುಖವು ಗಾಜಿನದಾಗಿದ್ದಿತು. ಮುಂದೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಬಂದಿತು. ಅಮೆರಿಕದಲ್ಲಿ 1980ರ ದಶಕದಲ್ಲಿಯೂ ಯುರೋಪಿನಲ್ಲಿ 1990ರ ದಶಕದಲ್ಲಿಯೂ ಅದು ಗಾಜಿನ ಸ್ಥಾನವನ್ನು ಹಿಡಿಯಿತು. ಅದು ಹಗುರ, ಕಲ್ಲೇಟಿಗೆ ಒಡೆಯದು, ಆದರೆ ಮೆದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಹಳದಿಗಟ್ಟದಿರಲೆಂದೂ ಗೀರು ಬೀಳದಿರಲೆಂದೂ ಅದರ ಮೇಲೆ ಗಟ್ಟಿಯಾದ ಒಂದು ತೆಳು ಲೇಪವನ್ನು ಕೊಡುತ್ತಾರೆ. ಮರಳಿನ ಕಣಗಳ ಮೇಲೆ ಒರಸುಕಡ್ಡಿಯನ್ನು ಆಡಿಸಿದರೆ ಆ ಲೇಪವು ಬಹಳ ದಿನ ಉಳಿಯದು. ಆದ್ದರಿಂದ ಮುಟ್ಟದೆ ತೊಳೆಯುವ ಉಪಾಯ ಬೇಕಾಯಿತು. ಅದೇ ಒತ್ತಡದ ಪಿಚಕಾರಿ.

ಇದರ ಜೊತೆಗೆ ಕ್ಸೆನಾನ್ ದೀಪದ ಆಗಮನವೂ ಸೇರಿತು. 1991ರಲ್ಲಿ ಬಿಎಂಡಬ್ಲ್ಯು ಕಂಪನಿಯ ಗಾಡಿಯಲ್ಲಿ ಮೊದಲು ಕಾಣಿಸಿಕೊಂಡ ಈ ದೀಪವು 35 ವಾಟ್ ವಿದ್ಯುತ್ತಿನಿಂದ ಸುಮಾರು 3200 ಲ್ಯೂಮೆನ್ ಬೆಳಕನ್ನು ಕೊಡುತ್ತದೆ. ನಮ್ಮಲ್ಲಿ ಸಾಮಾನ್ಯವಾದ 55 ವಾಟಿನ ಹ್ಯಾಲೊಜೆನ್ ಬಲ್ಬಿನ ತಗ್ಗಿಸಿದ ಬೆಳಕು ಸುಮಾರು 1000 ಲ್ಯೂಮೆನ್. ಮೂರು ಪಟ್ಟು ಬೆಳಕು ದಾರಿ ತಪ್ಪಿದರೆ ಕೋರೈಸುವಿಕೆಯೂ ಮೂರು ಪಟ್ಟು. ಹೀಗಾಗಿ ಯುರೋಪಿನ ರಾಷ್ಟ್ರಗಳು ಅನುಸರಿಸುವ ವಿಶ್ವಸಂಸ್ಥೆಯ 48ನೆಯ ನಿಯಮಾವಳಿಯು, 2000 ಲ್ಯೂಮೆನ್‌ಗಿಂತ ಹೆಚ್ಚು ಬೆಳಕಿನ ಮೂಲವನ್ನು ತಗ್ಗಿಸಿದ ದೀಪದಲ್ಲಿ ಬಳಸುವ ಗಾಡಿಗೆ, ದೀಪವನ್ನು ತೊಳೆಯುವ ಸಾಧನವೂ ಓರೆಯನ್ನು ತಾನಾಗಿ ಸರಿಪಡಿಸುವ ಸಾಧನವೂ ಇರಬೇಕೆಂದು ವಿಧಿಸಿತು. ತೊಳೆಯುವ ಸಾಧನದ ಪರೀಕ್ಷೆಯನ್ನು 45ನೆಯ ನಿಯಮಾವಳಿಯು ವಿವರಿಸುತ್ತದೆ. ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿಯುವಂತೆ ದೀಪವನ್ನು ಕೃತಕ ಕೊಳೆಯಿಂದ ಮುಚ್ಚಿ, ಪಿಚಕಾರಿಯನ್ನು ನಡೆಸಿ, ನೂರಕ್ಕೆ 70 ಪಾಲು ಬೆಳಕು ಮರಳಿತೆ ಎಂದು ಅಳೆಯುತ್ತಾರೆ.

ಇತ್ತೀಚಿನ ಅನೇಕ ಎಲ್‌ಇಡಿ ದೀಪಗಳು 2000 ಲ್ಯೂಮೆನ್ ಮಿತಿಯೊಳಗೇ ನಿಲ್ಲುವಂತೆ ರೂಪಿತವಾಗಿರುವುದರಿಂದ ಅವುಗಳಿಗೆ ಪಿಚಕಾರಿ ಇರುವುದಿಲ್ಲ. ಇದನ್ನು ಕಂಡು, ಹಳೆಯ ಕ್ಸೆನಾನ್ ಗಾಡಿಯ ಪಿಚಕಾರಿಯೂ ವ್ಯರ್ಥವೆಂದು ಊಹಿಸುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ ಹ್ಯಾಲೊಜೆನ್‌ಗೆಂದು ಮಾಡಿದ ದೀಪದೊಳಕ್ಕೆ ಪೇಟೆಯ ಕ್ಸೆನಾನ್ ಬಲ್ಬನ್ನು ತುರುಕುವುದು. ಇಂತಹ ಗಾಡಿಯೊಂದು ಮಂಜಿನಲ್ಲಿ ಎದುರಾದಾಗ ಆಗುವ ಅನುಭವವನ್ನು ಘಟ್ಟದಲ್ಲಿ ರಾತ್ರಿ ಸಂಚರಿಸುವವರಾರೂ ಮರೆಯಲಾರರು.

ನೀರಿನ ಬಾಣ

ಪಿಚಕಾರಿಯ ರಚನೆ ಬಲು ಚಮತ್ಕಾರವಾದುದು. ಗಾಡಿಯ ಮುಂದಿನ ಬಂಪರಿನ ಹಿಂದೆ ಒಂದರೊಳಗೊಂದು ಸೇರುವ ಎರಡು ಕೊಳವೆಗಳಿವೆ, ದೂರದರ್ಶಕದ ಕೊಳವೆಗಳಂತೆ. ಒಳಗಿನ ಕೊಳವೆಯನ್ನು ಒಂದು ಸ್ಪ್ರಿಂಗು ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ವಿದ್ಯುತ್ ಪಂಪು ನೀರನ್ನು ಒತ್ತಿದಾಗ ಮೊದಲು ಆ ಒತ್ತಡವು ಸ್ಪ್ರಿಂಗನ್ನು ಸೋಲಿಸಿ ಒಳಕೊಳವೆಯನ್ನು ಹೊರಕ್ಕೆ ತಳ್ಳುವುದು. ಕೊಳವೆ ಪೂರ್ತಿ ಚಾಚಿದ ಮೇಲೆ ಒತ್ತಡವು ಇನ್ನಷ್ಟು ಏರಿ, ತುದಿಯ ಕವಾಟವು ತೆರೆದು, ನೀರು ದೀಪದ ಮೇಲೆ ಚಿಮ್ಮುವುದು. ಪಂಪು ನಿಂತೊಡನೆ ಸ್ಪ್ರಿಂಗು ತನ್ನ ಕೆಲಸ ಮಾಡಿ ಎಲ್ಲವನ್ನೂ ಒಳಕ್ಕೆ ಸೆಳೆದುಕೊಳ್ಳುವುದು. ಹೊರಗೆ ಕಾಣುವುದು ಗಾಡಿಯ ಬಣ್ಣದ ಒಂದು ಪುಟ್ಟ ಮುಚ್ಚಳ ಮಾತ್ರ. ಪೋರ್ಷೆ 911ರಂತಹ ಗಾಡಿಗಳ ಬಂಪರಿನಲ್ಲಿ ಈ ಮುಚ್ಚಳಗಳನ್ನು ನೀವು ಕಂಡಿರಬಹುದು.

ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಎರಡೂವರೆ ಪಟ್ಟು ಅಧಿಕವಾಗಿದ್ದರೆ ನೀರು ಯಾವ ವೇಗದಿಂದ ಹೊರಬರುವುದು? ಒತ್ತಡದ ಶಕ್ತಿಯು ಚಲನಶಕ್ತಿಯಾಗಿ ಮಾರ್ಪಡುತ್ತದೆಂಬ ಬರ್ನೂಲಿಯ ಸೂತ್ರದಿಂದ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಗಂಟೆಗೆ 80 ಕಿಲೋಮೀಟರ್. ಕೊಳವೆಯೊಳಗಿನ ಘರ್ಷಣೆಯಿಂದ ವಾಸ್ತವದಲ್ಲಿ ಸ್ವಲ್ಪ ಕಡಮೆಯಾದೀತು.

ಆದರೂ ಈ ಬಾಣವು ಎಲ್ಲ ಮಣ್ಣನ್ನೂ ಕೀಳಲಾರದು. ಮಲೆನಾಡಿನ ಕೆಮ್ಮಣ್ಣಿನಲ್ಲಿ ಮರಳಿನ ಕಣಗಳ ಜೊತೆಗೆ, ಮಿಲಿಮೀಟರಿನ ಸಾವಿರದ ಎರಡು ಭಾಗಗಳಿಗಿಂತಲೂ ಸಣ್ಣದಾದ ಜೇಡಿಯ ಕಣಗಳು ಇವೆ. ಕಬ್ಬಿಣದ ಆಕ್ಸೈಡುಗಳು ಅವಕ್ಕೆ ಆ ಕೆಂಪು ಬಣ್ಣವನ್ನು ಕೊಟ್ಟಿವೆ. ಹರಿಯುವ ನೀರು ಕಣವೊಂದರ ಮೇಲೆ ಬೀರುವ ಎಳೆತವು ಸರಿಸುಮಾರಾಗಿ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಕಣವು ಮೇಲ್ಮೈಗೆ ಅಂಟಿಕೊಳ್ಳುವ ಬಲವಾದರೋ ವ್ಯಾಸವನ್ನು ಮಾತ್ರ ಅನುಸರಿಸುತ್ತದೆ. ಕಣದ ಗಾತ್ರ ಹತ್ತರಲ್ಲಿ ಒಂದಾದರೆ ನೀರಿನ ಎಳೆತ ನೂರರಲ್ಲಿ ಒಂದಾಗುವುದು, ಅಂಟು ಮಾತ್ರ ಹತ್ತರಲ್ಲಿ ಒಂದಾಗಿ ಉಳಿಯುವುದು. ಹೀಗೆ ದೊಡ್ಡ ಕಣಗಳು ಕೊಚ್ಚಿಹೋಗಿ ಸಣ್ಣವು ನಿಲ್ಲುವುವು. ನಿಮ್ಮ ಗಾಜಿನ ಪ್ರಯೋಗದಲ್ಲಿ ಉಳಿದ ನಸುಬೆಳಕು ಇವುಗಳದೇ. ಹ್ಯಾಲೊಜೆನ್ ದೀಪದಲ್ಲಿ ಇನ್ನೂ ಒಂದು ತೊಡಕುಂಟು. ಬಿಸಿಯಾದ ಮುಖದ ಮೇಲೆ ಕೆಸರು ಬೇಗ ಒಣಗಿ ಗಟ್ಟಿಯಾಗುವುದು. ಆದ್ದರಿಂದ ಪಿಚಕಾರಿಯನ್ನು ಒಮ್ಮೆ ಬಿಟ್ಟು, ಕೆಲವು ಕ್ಷಣ ಮಣ್ಣು ನೆನೆಯಲು ಬಿಟ್ಟು, ಮತ್ತೊಮ್ಮೆ ಬಿಡುವುದು ಒಂದೇ ದೀರ್ಘ ಸಿಂಚನಕ್ಕಿಂತ ಲೇಸು.

ಬದಲಾವಣೆಯ ಕಥೆ

ಇನ್ನು ಮಿತ್ರರ ಪ್ರಸಂಗಕ್ಕೆ ಬರೋಣ. ಮುರಿದ ಭಾಗವನ್ನು ತಯಾರಕರಿಂದಲೇ ತರಿಸುವುದು ದುಬಾರಿ. ಹೊರಗಿನವರು ತಯಾರಿಸಿ ಮಾರುವ ಪ್ರತಿರೂಪಗಳು ಅಗ್ಗ. ಮೂರನೆಯ ದಾರಿಯೆಂದರೆ ಪಿಚಕಾರಿಯನ್ನೇ ಕಿತ್ತು, ಆ ರಂಧ್ರಕ್ಕೆ ಬಣ್ಣ ಹಚ್ಚಿದ ಬಿಲ್ಲೆಯೊಂದನ್ನು ಕೂರಿಸುವುದು. ಮಿತ್ರರು ಮೊದಲು ಹಿಡಿದದ್ದು ಮೂರನೆಯದನ್ನು. ಎಡಗಡೆಯ ಮುರಿದ ಕೊಳವೆಯನ್ನು ತೆಗೆದು, ನೀರಿನ ರಬ್ಬರು ಕೊಳವೆಯ ಬಾಯಿಗೆ ಒಂದು ಬೋಲ್ಟನ್ನು ತುರುಕಿ, ಬಿಲ್ಲೆಯನ್ನು ಅಂಟಿಸಿದರು. ನೋಡಲು ಅಂದವಾಗಿತ್ತು.

ಒಂದು ವಾರ ಕಳೆಯಿತು. ಮಂಗಳೂರಿಗೆ ಹೋಗುತ್ತ ಮಾರನಹಳ್ಳಿಯ ಬಳಿ ಇಳಿಯುತ್ತಿದ್ದಾಗ ಎದುರಿನ ಲಾರಿಯೊಂದು ಗುಂಡಿಯ ಕೆಸರನ್ನೆಲ್ಲ ಅವರ ಮುಂಗಾಜಿಗೆ ಎರಚಿತು. ನೀರಿನ ಸನ್ನೆಯನ್ನು ಎಳೆದರೆ ಒಂದು ತೊಟ್ಟೂ ಬರಲಿಲ್ಲ. ಒರಸುಕಡ್ಡಿಗಳು ಒಣ ಕೆಸರನ್ನು ಅತ್ತಿತ್ತ ಬಳಿದು ಗಾಜನ್ನು ಗೋಡೆಯನ್ನಾಗಿ ಮಾಡಿದುವು. ಬಲಗಡೆ ಬೆಟ್ಟ, ಎಡಗಡೆ ಕಣಿವೆ. ಕಿಟಕಿಯಿಂದ ತಲೆಯನ್ನು ಹೊರಚಾಚಿ ನಡಿಗೆಯ ವೇಗದಲ್ಲಿ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು. ಆ ನೂರು ಮೀಟರ್ ದೂರವನ್ನು ಅವರು ಇಂದಿಗೂ ವರ್ಣಿಸುವುದುಂಟು.

ಆದದ್ದೇನು? ಆ ಗಾಡಿಯಲ್ಲಿ ಮುಂಗಾಜಿಗೂ ದೀಪಗಳಿಗೂ ನೀರಿನ ತೊಟ್ಟಿ ಒಂದೇ. ಪಂಪುಗಳು ಮಾತ್ರ ಬೇರೆಬೇರೆ. ದೀಪಗಳು ಉರಿಯುತ್ತಿರುವಾಗ ಮುಂಗಾಜನ್ನು ತೊಳೆದರೆ ದೀಪದ ಪಂಪೂ ತಾನಾಗಿ ನಡೆಯುವುದು. ಹೋಗಲು ದಾರಿಯಿಲ್ಲದ ನೀರಿನ ಒತ್ತಡವು ಬೋಲ್ಟನ್ನು ಸಡಿಲಿಸಿತು. ಅನಂತರ ಪಂಪು ನಿಂತಿದ್ದರೂ ನೀರು ಸೋರುತ್ತಲೇ ಇದ್ದಿತು. ಏಕೆಂದರೆ ಇಂತಹ ಪಂಪು ನಲ್ಲಿಯಲ್ಲ. ತಿರುಗದೆ ನಿಂತ ಅದರ ರೆಕ್ಕೆಗಳ ಸಂದಿಯಿಂದ ನೀರು ಸರಾಗವಾಗಿ ಇಳಿಯಬಲ್ಲದು. ಕೊಳವೆಯ ಬಾಯಿ ತೊಟ್ಟಿಯ ತಳಕ್ಕಿಂತ ಕೆಳಗಿದ್ದರೆ ತೊಟ್ಟಿ ಬರಿದಾಗುವವರೆಗೂ ಇಳಿಯುತ್ತದೆ. ಮೊದಲು ಅದನ್ನು ತಡೆಯುತ್ತಿದ್ದುದು ಪಿಚಕಾರಿಯ ತುದಿಯಲ್ಲಿದ್ದ, ಅವರು ಕಿತ್ತೆಸೆದ, ಆ ಚಿಕ್ಕ ಕವಾಟ!

ಪಿಚಕಾರಿಯನ್ನು ತೆಗೆಯಲೇಬೇಕಾದವರು ತಡೆಯನ್ನು ಕೊಳವೆಯ ತುದಿಯಲ್ಲಿ ಅಲ್ಲ, ತೊಟ್ಟಿಯ ಬುಡದಲ್ಲಿಯೇ ಇಡಬೇಕು. ಆ ಪಂಪಿನ ವಿದ್ಯುತ್ ಜೋಡಣೆಯನ್ನು ಬಿಚ್ಚಿ, ನೀರು ಸೇರದಂತೆ ಅದರ ಬಾಯಿ ಕಟ್ಟಿ, ಪಂಪಿನ ಬದಲಿಗೆ ತೊಟ್ಟಿಯ ರಂಧ್ರಕ್ಕೆ ರಬ್ಬರಿನ ಗಟ್ಟಿ ಬಿರಡೆಯನ್ನು ಹಾಕುವುದು ಸರಿಯಾದ ಕ್ರಮ. ಆದರೆ ಕ್ಸೆನಾನ್ ದೀಪದ ಗಾಡಿಯಲ್ಲಿ ಇದನ್ನು ಮಾಡಬಾರದೆಂದೇ ನನ್ನ ಅಭಿಪ್ರಾಯ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿ ಹಿಡಿಯಿತು. ಹಳೆಯ ಭಾಗದ ಜಾಗದಲ್ಲಿ ಅದೇ ಕೆಲಸ ಮಾಡುವ ಹೊಸ ಭಾಗವನ್ನಿಡುವುದು ಬೇರೆ, ಭಾಗವನ್ನೇ ಇಲ್ಲವಾಗಿಸುವುದು ಬೇರೆ.

ಮಿತ್ರರು ಎರಡನೆಯ ದಾರಿಗೆ ಮರಳಿ, ಪ್ರತಿರೂಪದ ಒಂದು ಜೊತೆಯನ್ನು ತರಿಸಿದರು. ಒಂದು ಭಾನುವಾರ ತೋಟದ ಕಣದಲ್ಲಿ ಗಾಡಿಯನ್ನು ನಿಲ್ಲಿಸಿ ಇಬ್ಬರೂ ಕುಳಿತೆವು. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹೋಲಿಸಿದಾಗ ಉದ್ದ ಒಂದೇ ಇದ್ದಿತು. ರಬ್ಬರು ಕೊಳವೆ ಕೂರುವ ಮೊಳೆಯು ಮಾತ್ರ ಕೂದಲೆಳೆಯಷ್ಟು ಸಣ್ಣದಾಗಿತ್ತು. ಪ್ರತಿರೂಪಗಳ ದೋಷವು ಹೆಚ್ಚಾಗಿ ಇಂತಹ ಸೂಕ್ಷ್ಮಗಳಲ್ಲಿಯೇ ಅಡಗಿರುತ್ತದೆ. ಹಳೆಯ ಹಿಡಿಕೆಯ ಬದಲು ತಿರುಪಿನಿಂದ ಬಿಗಿಯುವ ಪಟ್ಟಿಯನ್ನು ಹಾಕಿದೆವು. ಒಳಗಿನ ರಬ್ಬರು ಉಂಗುರವನ್ನು ಸಾಬೂನಿನ ನೀರಿನಿಂದ ಒದ್ದೆ ಮಾಡಿ ಕೂರಿಸಿದೆವು; ಒಣದಾಗಿ ತಳ್ಳಿದರೆ ಅದು ಹೊರಳಿ ಹರಿಯುತ್ತದೆ. ಎರಡು ಪಿಚಕಾರಿಗಳಿಗೂ ನೀರು ಕವಲೊಡೆಯುವುದು ಒಂದೇ ಸಂದಿನಿಂದ. ಒಂದು ಕಡೆ ಸೋರಿದರೆ ಎರಡು ಕಡೆಯೂ ಒತ್ತಡ ಬೀಳುವುದು. ಬಲಗಡೆಯದು ಹೊರಬರದಿದ್ದುದಕ್ಕೆ ಎಡಗಡೆಯ ಮುರಿತವೇ ಕಾರಣವಾಗಿದ್ದಿತೆಂದು ಆಗ ಗೊತ್ತಾಯಿತು. ಬಲಗಡೆಯದು ನಿರ್ದೋಷಿ! ಆದರೂ ಜೊತೆಯಾಗಿ ಬಂದುದರಿಂದ ಎರಡನ್ನೂ ಬದಲಾಯಿಸಿದೆವು. ಬಣ್ಣದ ಮುಚ್ಚಳಗಳು ಚಿಮ್ಮುವ ರಭಸಕ್ಕೆ ಕಳಚಿ ಕಳೆದುಹೋಗುವ ಸ್ವಭಾವದವು. ಅವನ್ನು ಮೀನಿನ ಗಾಳದ ದಾರದಿಂದ ಒಳಗೆ ಕಟ್ಟಿದೆವು.

ಮೊದಲ ಎರಡು ಮೂರು ಬಾರಿ ಬರಿಯ ಗಾಳಿ ಉಗುಳಿತು. ಗಾಳಿಯು ಕುಗ್ಗುವ ವಸ್ತುವಾದುದರಿಂದ, ಕೊಳವೆಯಲ್ಲಿ ಅದು ಉಳಿದಿರುವವರೆಗೆ ಒತ್ತಡವು ಏರಲಾರದು. ಆಮೇಲೆ ಕೊಳವೆಗಳು ಠೀವಿಯಿಂದ ಚಾಚಿದುವು. ತೊಟ್ಟಿಗೆ ತೋಟದ ಹಳ್ಳದ ನೀರನ್ನೇ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ತುಂಬಿದೆವು. ಗಡಸು ನೀರು ಒಣಗಿದರೆ ಸುಣ್ಣದ ಚುಕ್ಕೆಗಳನ್ನು ಉಳಿಸುವುದು. ಹಳ್ಳದ ನೀರಿಗೆ ಆ ದೋಷ ಕಡಮೆ, ಆದರೆ ಅದರ ಪಾಚಿ ಮತ್ತು ಹೂಳು ಪಿಚಕಾರಿಯ ಸೂಜಿರಂಧ್ರವನ್ನು ಮುಚ್ಚಬಲ್ಲವು. ಪೆಟ್ರೋಲು, ಬಣ್ಣದ ತೆಳುಕಾರಕ ಮೊದಲಾದವನ್ನು ಪಾಲಿಕಾರ್ಬೊನೇಟಿಗೆ ಸೋಕಿಸಲೇಬಾರದು; ಅದು ಸೂಕ್ಷ್ಮ ಬಿರುಕುಗಳಿಂದ ತುಂಬಿಹೋಗುವುದು.

ಕತ್ತಲಾದ ಮೇಲೆ ಪರೀಕ್ಷೆ. ಕಣದ ಸಮತಲದಲ್ಲಿ, ಗೋದಾಮಿನ ಸುಣ್ಣದ ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿಯನ್ನು ನಿಲ್ಲಿಸಿದೆವು. ದೀಪದ ಎತ್ತರ 60 ಸೆಂಟಿಮೀಟರ್. ನೂರಕ್ಕೆ ಒಂದರ ಓರೆಯಲ್ಲಿ ಮೇಲಂಚು ಗೋಡೆಯ ಮೇಲೆ 50 ಸೆಂಟಿಮೀಟರ್ ಎತ್ತರದಲ್ಲಿ ಬೀಳಬೇಕು. ಸೀಮೆಸುಣ್ಣದಿಂದ ಗುರುತು ಹಾಕಿದೆವು. ಮೊದಲು ಎರಡು ದೀಪಗಳಿಗೂ ಕಣದ ಕೆಸರನ್ನು ಸವರಿದಾಗ ಗೆರೆಯೇ ಅಳಿಸಿಹೋಗಿ, ಗೋದಾಮಿನ ಸೂರಿನವರೆಗೂ ಬೂದಿಬಣ್ಣದ ಬೆಳಕು ಏರಿತು. ಎರಡು ಬಾರಿ ಪಿಚಕಾರಿಯನ್ನು ಬಿಟ್ಟ ಮೇಲೆ ಗೆರೆಯು ಮರಳಿತು. ಆದರೆ ಬಲಗಡೆಯದು ಚೊಕ್ಕವಾಗಿಯೂ ಎಡಗಡೆಯದು ಮಸುಕಾಗಿಯೂ ಇದ್ದಿತು. ಎಡ ಪಿಚಕಾರಿಯ ನೀರು ಮಸೂರದ ಮಧ್ಯಕ್ಕೆ ಬೀಳದೆ ಕೆಳ ಅಂಚಿಗೆ ಬೀಳುತ್ತಿದ್ದುದನ್ನು ಟಾರ್ಚಿನ ಬೆಳಕಿನಲ್ಲಿ ಕಂಡೆವು. ಅದರ ತಲೆಯನ್ನು ಸೂಜಿಯಿಂದ ತುಸು ಮೇಲಕ್ಕೆ ಹೊರಳಿಸಿದ ಮೇಲೆ ಎರಡೂ ಸಮನಾದುವು.

ಮೇಲಂಚಿನ ಮೇಲೆ ಇನ್ನೂ ಉಳಿದಿದ್ದ ನಸುಬೆಳಕನ್ನು ತೆಗೆಯಲು ಪಿಚಕಾರಿಯಿಂದಾಗಲಿಲ್ಲ. ಮಿತ್ರರು ನೀರು ಸುರಿದು, ಮಣ್ಣು ನೆನೆದ ಮೇಲೆ, ಮೆತ್ತನೆಯ ಒದ್ದೆ ಬಟ್ಟೆಯಿಂದ ಒತ್ತದೆ ಒರೆಸಿದರು. ಗೋಡೆಯ ಮೇಲುಭಾಗವು ಪೂರ್ಣವಾಗಿ ಕತ್ತಲಾಯಿತು. ಆ ಬಟ್ಟೆಯನ್ನು ಹಿಂಡಿ, ಒಂದು ಲೀಟರ್ ನೀರಿನ ಸೀಸೆಯೊಡನೆ ಚಾಲಕನ ಬಾಗಿಲಿನ ಜೇಬಿನಲ್ಲಿ ಇಟ್ಟರು.